ಈಗ ನನ್ನ ಸರದಿ, ಮಾಣಿಕ್ಯಾ

ಲೇ ಮಾಣಿಕ್ಯಾ,

ಗೆಳೆಯ ಎಂದು ಬರೆಯಬೇಕೋ ವೈರಿ ಎಂದು ಬರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಹಾಗೆ ಆಡುವವರು ನಿನ್ನ ಭಾಲ್ಕಿಯಲ್ಲಿ ಬೇಕಾದಷ್ಟಿದ್ದಾರೆ, ನನ್ನನ್ನು ಬಿಟ್ಟುಬಿಡು.

ಬೀದರ ಸ್ಟೇಷನ್ನಿನಲ್ಲಿ ನಿನ್ನನ್ನು ಗಾಡಿ ಹತ್ತಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಸರ್ಜರಿ ಕಲಿಯಲು ಇಂಗ್ಲೆಂಡಿಗೆ ಹೋಗಲಿಕ್ಕೆ ನಮ್ಮ ದವಾಖಾನೆಯಿಂದ ಒಂದು ಸಲಕ್ಕೆ ಒಬ್ಬ ಡಾಕ್ಟರಿಗೆ ಮಾತ್ರ ರಜೆ. ಹೋದವನು ತಿರುಗಿ ಬಂದ ಮೇಲೆಯೇ ಇನ್ನೊಬ್ಬನಿಗೆ. ಮೊದಲು ನನ್ನ ಹೆಸರೇ ಬಂದಿತ್ತು, ನೆನಪಿದೆಯಾ? ನೀನು ನಿನ್ನ ಅಕ್ಕನನ್ನು ಮುಂದೆ ಮಾಡಿಕೊಂಡು ಬಂದೆ. ಹೈದರಾಬಾದಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದುವಾಗ ನಮ್ಮಿಬ್ಬರಿಗೂ ರೊಟ್ಟಿ ಕಟ್ಟಿ ಕಳಿಸುತ್ತಿದ್ದ ಶಾಂತಕ್ಕ ಕೇಳಿದರೆ ನಾನು ಇಲ್ಲವೆನ್ನುವುದುಂಟೇ? "ಮೊದಲ ನಾ ಹೋಗಿ ಬರ್ತೇನಿ, ಬಾಬ್ಯಾ. ನಾ ಬಂದ ದಿನಾನೇ ನಿನ್ನ ಸರದಿ," ಎಂದು ಕೈಯಲ್ಲಿ ಕೈ ಹಾಕಿ ಅಂದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಮ್ಮ ಕಾಗದಪತ್ರಗಳು ಹೈದರಾಬಾದನ್ನು ಬಿಟ್ಟಿದ್ದವು, ಬೆಂಗಳೂರನ್ನು ಮುಟ್ಟಿರಲಿಲ್ಲ. ಮುಟ್ಟಿದ ಮೇಲೂ ಉರ್ದುವಿನಲ್ಲಿದ್ದ ನಿನ್ನ ರಜೆಯ ಕಡತ ಓದಿ ನಿನ್ನನ್ನು ತಿರುಗಿ ಕರೆಸುವವರು ಅಲ್ಲಿ ಯಾರು? ನಿನಗೂ ಅದೇ ಬೇಕಾಗಿತ್ತು. ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಅಲ್ಲಿಯ ಆಸ್ಪತ್ರೆಯಲ್ಲೇ ನೌಕರಿ ಹಿಡಿದೆ. ಇಲ್ಲಿಗೆ ಮಾತ್ರ ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಬರೆಯುತ್ತಿದ್ದೆ. ರಾಜೀನಾಮೆ ಕೊಟ್ಟಿದ್ದರೆ ನಾನಾದರೂ ಹೋಗಿ ಕಲಿತು ಬರುತ್ತಿದ್ದೆ. ಅದನ್ನೂ ಕೊಡಲಿಲ್ಲ. ನಿನಗೆಂದು ಸಜ್ಜು ಮಾಡಿದ ಆಪರೇಷನ್ ಕೋಣೆಗೆ ಹಾಕಿದ ಕೀಲಿ ಹಾಗೇ ಉಳಿಯಿತು. ದವಾಖಾನೆಯಲ್ಲಿ ಚಹಾ ಕುಡಿಯಲು ಹೋದವರು ತಡಮಾಡಿದರೆ "ಮಾಣಿಕ ಡಾಕ್ಟರ್ ಆದಿ ಏನು?" ಎಂದು ಈಗಲೂ ಕೇಳುತ್ತಾರೆ. ಆ ಮಾತು ಹುಟ್ಟಿಸಿದವನು ನಾನೇ, ಬೇಕಂತಲೇ.

ಶಾಂತಕ್ಕನನ್ನು ಭಾಲ್ಕಿಯಿಂದ ಕರೆತಂದಾಗ ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿದ್ದಳು. ಅಪೆಂಡಿಕ್ಸ್ ಎಂದು ಕೈ ಇಟ್ಟೊಡನೆ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ಹೊಟ್ಟೆ ಕೊಯ್ಯಲು ಕಲಿತವನು ಇಂಗ್ಲೆಂಡಿನಲ್ಲಿದ್ದ, ಕಲಿಯದೆ ಉಳಿದವನು ಜೀಪಿನಲ್ಲಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿನ ಆಸ್ಪತ್ರೆಯ ದಾರಿ ನೋಡುತ್ತಿದ್ದ. "ನಮ್ಮ ಮಾಣಿಕ್ಯಾ ಬಂದಾನೇನಪ್ಪಾ?" ಎಂದಳು. ಜಹೀರಾಬಾದ ದಾಟಿದ ಮೇಲೆ ಅವಳು ಮಾತಾಡಲಿಲ್ಲ. ಹೆಣ ತಿರುಗಿಸಿಕೊಂಡು ಬಂದೆವು. ಸುದ್ದಿ ತಿಳಿಸಿದರೆ ನೀನು ಬರೆದದ್ದೇನು? ನೀನೇ ಯಾಕೆ ಕೈ ಹಾಕಲಿಲ್ಲ ಎಂದು! ಮಾಣಿಕ್ಯಾ, ಆ ಒಂದು ಮಾತಿಗೆ ನಿನ್ನನ್ನು ನಾನು... ಇರಲಿ. ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಈ ಸಲದ ದೀಪಾವಳಿಯ ಹೊತ್ತಿಗೆ ನಿನ್ನ ಆಸ್ಪತ್ರೆಯಲ್ಲೇ ಕೆಲಸ ಮಾಡುವ, ನಮ್ಮ ಔರಾದ ಕಡೆಯ ಹುಡುಗ ಡಾಕ್ಟರೊಬ್ಬ ಮದುವೆಯಾಗಲು ಊರಿಗೆ ಬಂದಿದ್ದ. ನಿನ್ನ ಇಂಗ್ಲಿಷ್ ಹೆಂಡತಿ ಅವನ ಕೈಯಲ್ಲಿ ನಿನ್ನ ಬೂದಿಯ ಡಬ್ಬಿ ಕೊಟ್ಟು ಕಳಿಸಿದ್ದಳು. ನಾನು ಕೆದಕಿ ಕೆದಕಿ ಕೇಳಿದೆ. ಅಲ್ಲಿಯ ಡಾಕ್ಟರರು ಯಾರೂ ಹೋಗಲೊಲ್ಲದ ಊರಿಗೆ ನಿನ್ನನ್ನು ಹಾಕಿದ್ದರಂತೆ. ಸರ್ಜರಿ ಮಾಡಲು ಕೊಡದೆ ಮುದುಕರ ವಾರ್ಡು ಕೊಟ್ಟಿದ್ದರಂತೆ. ಮಲಗಿದಲ್ಲೇ ಮಲಗಿದವರ ಬೆನ್ನಿನ ಹುಣ್ಣು ನೋಡುವುದರಲ್ಲೇ ನಿನ್ನ ಕಾಲ ಕಳೆಯಿತಂತೆ. ಕೇಳಿ ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ? ಹುಡುಗನಿಗೆ ಇನ್ನೊಂದು ಚಹಾ ತರಿಸಿದೆ.

"ಬಾಬ್ಯಾನ ಕೈಲಿಂದೇ ಮಾಂಜ್ರಾ ನದ್ಯಾಗ ಬಿಡಸು ಅಂದಿದ್ರುರಿ," ಎಂದ ಅವನು ಡಬ್ಬಿ ಕೊಡುತ್ತ. ಅಷ್ಟು ಹಕ್ಕಿನಿಂದ ಹೇಳಿದೆಯಲ್ಲ, ನಾಚಿಕೆಯಾಗಲಿಲ್ಲವೇ ನಿನಗೆ? ಡಬ್ಬಿ ಎಷ್ಟು ಹಗುರ ಇತ್ತು ಗೊತ್ತೇನು... ಆಮೇಲೆ, "ನೀ ಊರಿಗೆ ತಿರುಗಿ ಬರೋದು ಯಾವಾಗಪ್ಪಾ?" ಎಂದು ಹುಡುಗನನ್ನೇ ಕೇಳಿದೆ. "ಇನ್ನೊಂದು ವರ್ಷರಿ, ಸರ್," ಎಂದ.

ನಿನಗೆ ತಿಳಿಯದ ಸುದ್ದಿ ಈಗ ಹೇಳುತ್ತೇನೆ. ಮರುದಿನವೇ ದಫ್ತರಿಗೆ ಹೋಗಿ ನೀನು ಸತ್ತದ್ದನ್ನು ತಿಳಿಸಿದೆ. ಇಷ್ಟು ವರ್ಷ ರಜೆಯ ಮೇಲಿದ್ದ ನಿನ್ನ ಹೆಸರನ್ನು ಕೊನೆಗೂ ಹೊಡೆದುಹಾಕಿದರು. ತಲೆ ನರೆತವನಿಗೆ ಇನ್ನೇನು ಸರ್ಜರಿ ಎಂದು ಸಾಹೇಬರು ಗೊಣಗಿದರು. ಮಂಜೂರು ಮಾಡುವವರೆಗೂ ನಾನು ಅವರ ಮೇಜಿನ ಮುಂದಿನಿಂದ ಏಳಲಿಲ್ಲ. ರಜೆ ಮಂಜೂರಾಗಿದೆ, ಮುಂದಿನ ವಾರ ಹೊರಡುತ್ತೇನೆ.

ಮಾಂಜ್ರಾ ಇಲ್ಲೇ ಇದೆ, ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನ ಡಬ್ಬಿಯನ್ನು ಆಪರೇಷನ್ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೇನೆ. ಕೀಲಿ ನನ್ನ ಜೇಬಿನಲ್ಲಿದೆ. ಶಾಂತಕ್ಕ ಕಾದಳು, ನಾನು ಕಾದೆ, ಈಗ ನೀನು ಕಾಯಿ. ನಾನು ಮಾತ್ರ ಬಂದೇ ಬರುತ್ತೇನೆ. ಬಂದು ಆ ಕೋಣೆಯಲ್ಲಿ ನನ್ನ ಮೊದಲ ಆಪರೇಷನ್ ಮಾಡುವಾಗ ಕಪಾಟಿನ ಬಾಗಿಲು ತೆರೆದಿಡುತ್ತೇನೆ, ಕಣ್ಣು ತುಂಬ ನೋಡು. ನದಿಗೆ ಬಿಡುವುದು ಅದಾದ ಮೇಲೆ.

ಮಾತಿನ ಪ್ರಕಾರ ನೀನು ತಿರುಗಿ ಬಂದಿದ್ದೀಯ. ಡ್ಯೂಟಿ ನೋಡಿಕೋ.

ಬಾಬ್ಯಾ