ಹದಿನೈದರ ಬ್ಲೇಡ್

ಮಾರ್ಚ್ 3, ಮಂಗಳವಾರ

ಬೆಳಗ್ಗೆ ಏಳಕ್ಕೆ ಶೆಡ್. ಗಣಿಯಲ್ಲಿ ಕೆಲಸ ಮಾಡುವ ಆಹಿಮ್‌ನ ಬೈಕು — ಎರಡು ಸಿಲಿಂಡರ್, ನಾಲ್ಕು ವಾಲ್ವ್. ರಾತ್ರಿಯೆಲ್ಲ ನಿಂತು ಎಂಜಿನ್ ತಣ್ಣಗೆ ಕೊರೆಯುತ್ತಿತ್ತು. ಹಾಗೇ ಇರಬೇಕು, ಬಿಸಿ ಎಂಜಿನ್ನಿನ ಅಳತೆ ಅಳತೆಯೇ ಅಲ್ಲ. ಮುಚ್ಚಳ ತೆಗೆದೆ, ಪಿಸ್ಟನ್ ಮೇಲಕ್ಕೆ ತಂದೆ. ಗಾಳಿ ಒಳಗೆ ಬರುವ ವಾಲ್ವಿನ ಸಂದು ಅಳೆಯಲು ಹತ್ತರ ತೆಳು ಬ್ಲೇಡ್, ಹೊಗೆ ಹೊರಗೆ ಹೋಗುವ ಎಕ್ಸಾಸ್ಟಿಗೆ ಹದಿನೈದರದು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನೈದು, ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಅಷ್ಟೇ ಸಂದು. ಬ್ಲೇಡ್ ತೂರಿಸಿ ಎಳೆದರೆ ತುಸು ಹಿಡಿಯಬೇಕು, ಆದರೆ ಬರಬೇಕು. ಫ್ರಿಜ್ಜಿನಿಂದ ಆಗತಾನೇ ತೆಗೆದ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. ಆ ಹಿಡಿತ ಬೆರಳಿಗೇ ಗೊತ್ತಾಗಬೇಕು, ಬೇರೆ ಯಾವ ಯಂತ್ರವೂ ಹೇಳುವುದಿಲ್ಲ.

ಏನೂ ಗೊತ್ತಾಗಲಿಲ್ಲ. ಬ್ಲೇಡ್ ಒಳಗಿದೆಯೋ ಹೊರಗಿದೆಯೋ ಬಗ್ಗಿ ನೋಡಬೇಕಾಯಿತು.

ಹೊಟ್ಟೆಯ ಗೆಡ್ಡೆ ಕರಗಿಸಲು ಕೊಟ್ಟ ಔಷಧಿ ಬೆರಳಿನ ತುದಿಯನ್ನೂ ಕರಗಿಸಿಕೊಂಡು ಹೋಗಿದೆ. ಸ್ಪರ್ಶ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರ್. ಅಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕಿತ್ತೇ?

"ಏನ್ ಭಾವ, ವಾಲ್ವ್ ಜೊತೆ ಮಾತಾಡ್ತಾ ಕೂತಿದ್ದೀಯಾ?" — ಗಿಂಟರ್. ಹೆಂಡತಿಯ ತಮ್ಮ, ಹದಿನೇಳು ವರ್ಷದಿಂದ ನನ್ನ ಜೊತೆಗೇ ಕೆಲಸ.

"ನಿನ್ ಜೊತೆ ಮಾತಾಡೋದಕ್ಕಿಂತ ವಾಸಿ ಕಣೋ."

ನಕ್ಕ. ಆದರೆ ನನ್ನ ಕೈ ನೋಡಿದ, ಮುಖ ನೋಡಲಿಲ್ಲ.

ಮಾರ್ಚ್ 5, ರಾತ್ರಿ ಊಟ ಆದಮೇಲೆ

ಹೆಂಡತಿ ಟ್ರುಡ್ಕಾ ಕಂಡುಹಿಡಿದಳು. ಅಂಗಿಯ ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತಿದೆ ಎಂದು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಾಳೆ.

"ಇಂಥಾ ಕೈ ಇಟ್ಕೊಂಡು ಊರವರ ಗಾಡಿ ಬಿಚ್ತಿದ್ದೀಯಾ ಹುಬರ್ಟ್?"

"ಬಿಚ್ತಾ ಬಿಚ್ತಾ ಸರಿ ಹೋಗುತ್ತೆ."

"ಚೆನ್ಸ್ತೊಹೊವಾ ಭಾನುವಾರದವರೆಗೂ ನೋಡ್ತೀನಿ. ಅಷ್ಟರೊಳಗೆ ಕೈ ಬಂದ್ರೆ ಸರಿ. ಬರ್ಲಿಲ್ವೋ, ಇನ್ನೊಬ್ಬರ ವಾಲ್ವ್ ಮುಟ್ಟಕೂಡ್ದು. ಶೆಡ್ ಗಿಂಟರ್‌ಗೆ ಬಿಟ್ಟುಬಿಡು. ಆಣೆ ಇಡು."

"ಯಾರ ಮೇಲೆ?"

"ನನ್ ತಲೆ ಮೇಲೆ ಇಡು. ಅದು ಇನ್ನೂ ಗಟ್ಟಿಯಾಗಿದೆ."

ಇಟ್ಟೆ. ಅವಳು ಅಳಬಹುದೆಂದು ಭಯವಾಗಿತ್ತು. ಅಳಲಿಲ್ಲ, ಎದ್ದುಹೋಗಿ ಆಲೂಗಡ್ಡೆ ಸುಲಿದಳು.

ಆ ಭಾನುವಾರ ಏಪ್ರಿಲ್ ಹತ್ತೊಂಬತ್ತಕ್ಕೆ. ಸುತ್ತಲಿನ ಗಾಡಿಗಳೆಲ್ಲ ಹೆದ್ದಾರಿ ಹಿಡಿದು ಚೆನ್ಸ್ತೊಹೊವಾದ ಮಠಕ್ಕೆ ಹೋಗುತ್ತವೆ, ಪಾದ್ರಿ ಮಂತ್ರಿಸಿದ ನೀರು ಚಿಮುಕಿಸಿದ ಮೇಲೆಯೇ ವರ್ಷದ ಸವಾರಿ ಶುರು. ಚಳಿಗಾಲವೆಲ್ಲ ಮೂಲೆಯಲ್ಲಿ ಬಿದ್ದಿದ್ದವನ್ನೆಲ್ಲ ಈಗ ನನ್ನ ಬಾಗಿಲಿಗೆ ತಳ್ಳಿಕೊಂಡು ಬರುತ್ತಾರೆ. ಪ್ರತಿವರ್ಷ ಇದೇ ಗೋಳು. ಈ ವರ್ಷ ಈ ಗೋಳು ತಪ್ಪಿಬಿಟ್ಟರೆ ನಾನು ಮಾಡುವುದಾದರೂ ಏನು?

ಮಾರ್ಚ್ 12

ಬರುತ್ತಿದೆ! ಇವತ್ತು ಎರಡು ಗಾಡಿ. ಜೋರಾಗಿ ಒತ್ತಿ ಹಿಡಿದು ಎಳೆದರೆ ಬ್ಲೇಡ್ ಹಿಡಿಯುವುದು ಗೊತ್ತಾಗುತ್ತದೆ. ಹೆಬ್ಬೆರಳಿನಲ್ಲಿ ಖಂಡಿತ. ತೋರುಬೆರಳು ಇನ್ನೂ ಸೋಮಾರಿ. ಆಹಿಮ್ ಹೋದ ವಾರವೇ ಗಾಡಿ ಒಯ್ದ, ಇವತ್ತು ರಸ್ತೆಯಲ್ಲಿ ಸಿಕ್ಕಿ ಹೆಬ್ಬೆರಳು ಎತ್ತಿದ — "ಮೇಸ್ತ್ರಿ, ಹೊಲಿಗೆ ಯಂತ್ರದ ಥರ ಓಡ್ತಿದೆ!" ಗಣಿಯವರು ಸುಮ್ಮಸುಮ್ಮನೆ ಹೊಗಳುವುದಿಲ್ಲ.

ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಿದ್ದೆನಂತೆ. ನನಗೆ ತಿಳಿಯಲೇ ಇಲ್ಲ, ಗಿಂಟರ್ ಹೇಳಿದ.

ಮಾರ್ಚ್ 24

ಎಷ್ಟೋ ದಿನ ಬರೆಯಲಾಗಲಿಲ್ಲ. ಒಂದರ ಹಿಂದೆ ಒಂದು ಗಾಡಿ. ಬೆಳಗ್ಗೆ ನಾನು ವಾಲ್ವ್ ನೋಡುತ್ತೇನೆ, ಸ್ಟಾರ್ಟ್ ಮಾಡಿ ಸದ್ದು ಕೇಳುತ್ತೇನೆ, ಮಾರನೇ ದಿನ ಒಡೆಯರು ಬಂದು ಒಯ್ಯುತ್ತಾರೆ. ಮಧ್ಯಾಹ್ನ ಮನೆಗೆ ಬಂದು ಹೆಣದ ಹಾಗೆ ಮಲಗುತ್ತೇನೆ. ಒಂದು ದೂರೂ ಬಂದಿಲ್ಲ.

ಗಿಂಟರ್‌ನನ್ನು ಇವತ್ತು ತರಾಟೆಗೆ ತೆಗೆದುಕೊಂಡೆ. ಒಂದು ಗಾಡಿ ಅವನ ಕೈಗೆ ಕೊಟ್ಟಿದ್ದೆ, ಬಿಗಿ ಮಾಡಿಟ್ಟಿದ್ದಾನೆ.

"ಸದ್ದೇ ಬರಬಾರ್ದು ಅಂತ ಬಿಗೀತೀಯಲ್ಲೋ ಕತ್ತೆ! ಸಡಿಲ ಇದ್ರೆ ಟಕಟಕ ಅನ್ನುತ್ತೆ, ಅನ್ಲಿ. ಬಿಗಿ ಇದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಸುಟ್ಟುಹೋಗುತ್ತೆ. ಹೆದ್ದಾರೀಲಿ, ಹಿಂದೆ ಲಾರಿ ಬರ್ತಿರೋವಾಗ ಎಂಜಿನ್ ಸತ್ರೆ? ಆಗ ಸದ್ದಿಲ್ಲ ಅಂತ ಖುಷಿ ಪಡ್ತೀಯಾ?"

"ಆಯ್ತು ಭಾವ. ಗೊತ್ತಾಯ್ತು."

"ಏನು ಗೊತ್ತಾಯ್ತು, ಮಣ್ಣು. ನಿನ್ ಕೈ ಅಲ್ಲ ಅದು, ಸಲಿಕೆ."

ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಮುಚ್ಚಳ ಬಿಚ್ಚತೊಡಗಿದ. ಮೊದಲಾದರೆ ತಿರುಗಿ ಎರಡು ಮಾತು ಬಿಡುತ್ತಿದ್ದ.

ಏಪ್ರಿಲ್ 4, ಶನಿವಾರ

ನಾಳೆ ಈಸ್ಟರ್. ಚರ್ಚಿಗೆ ಒಯ್ಯುವ ಬುಟ್ಟಿಗೆ ಟ್ರುಡ್ಕಾ ಮೊಟ್ಟೆ ಬೇಯಿಸುತ್ತಿದ್ದಳು. ಕುದಿಯುವ ಪಾತ್ರೆ ಒಲೆಯಿಂದ ಇಳಿಸಿ ಕೊಟ್ಟೆ. ಬರಿಗೈಯಲ್ಲಿ. ಅವಳು ಕಿರುಚಿದ ಮೇಲೆ ನೋಡಿಕೊಂಡರೆ ಬೆರಳ ತುದಿ ಬೆಳ್ಳಗಾಗಿ ಉಬ್ಬಿದೆ.

"ನೋವಾಗ್ಲಿಲ್ವಾ?"

"ಆಯ್ತು, ತಡ್ಕೊಂಡೆ."

ಸುಳ್ಳು. ಏನೂ ಆಗಲಿಲ್ಲ. ಆದರೆ ಬಿಸಿ ತಿಳಿಯುವ ನರ ಬೇರೆ, ಹಿಡಿತ ತಿಳಿಯುವ ನರ ಬೇರೆ ಇರಬೇಕು. ಇಲ್ಲದಿದ್ದರೆ ಇಷ್ಟೊಂದು ಗಾಡಿ ಸರಿಯಾಗಿ ಓಡುತ್ತಿದ್ದುದು ಹೇಗೆ? ಇದನ್ನೇ ಇಡೀ ಸಂಜೆ ಮನಸ್ಸಿನಲ್ಲಿ ಹೇಳಿಕೊಂಡೆ.

ಏಪ್ರಿಲ್ 15, ಬುಧವಾರ

ಆಹಿಮ್ ಬಂದಿದ್ದ. ಚೈನಿಗೆ ಎಣ್ಣೆ ಬೇಕಂತೆ. ಹೋಗುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಾ ಸಹಜವಾಗಿ ಅಂದ —

"ಮೇಸ್ತ್ರಿ, ಮೈ ನೋಡ್ಕೊಳ್ಳಿ. ಕಾಯಿಲೆಯಿಂದ ಎದ್ದೋರು ಬೆಳಗ್ಗೆ ಐದಕ್ಕೆಲ್ಲ ಕೆಲಸಕ್ಕೆ ಕೂತ್ರೆ ಹೆಂಗೆ?"

"ಐದಕ್ಕಾ?"

"ಶಿಫ್ಟಿಗೆ ಹೋಗ್ತಾ ದಿನಾ ನೋಡ್ತೀನಲ್ಲ, ಶೆಡ್‌ನಲ್ಲಿ ದೀಪ. ನಮ್ ಗಾಡಿ ಇಲ್ಲಿದ್ದಾಗಿಂದ."

ಏನೋ ಒಂದು ಹೇಳಿ ಕಳಿಸಿದೆ. ಐದಕ್ಕೆ ನಾನು ಹಾಸಿಗೆಯಲ್ಲಿರುತ್ತೇನೆ. ಬೀಗದ ಕೈ ಇರುವುದು ಇಬ್ಬರಲ್ಲಿ.

ಐದಕ್ಕೆ ಎಂಜಿನ್ ತಣ್ಣಗಿರುತ್ತದೆ.

ಬ್ಯಾಟರಿ ಚಾರ್ಜ್ ಹಾಕುತ್ತಿರಬಹುದು. ಗುಡಿಸುತ್ತಿರಬಹುದು. ಗಿಂಟರ್ ಪೊರಕೆ ಹಿಡಿದದ್ದನ್ನು ಹದಿನೇಳು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ.

ಏಪ್ರಿಲ್ 17, ಶುಕ್ರವಾರ

ಪೋಸ್ಟಾಫೀಸಿನ ಬ್ರಿಗಿಡಾಳ ಗಾಡಿ. ಈ ಸಲದ ಕೊನೆಯದು. ನಾಳೆ ಹತ್ತಕ್ಕೆ ಒಯ್ಯುತ್ತಾಳೆ.

ಮೂರು ವಾಲ್ವ್ ನನಗೆ ತೋಚಿದ ಹಾಗೆ ಮಾಡಿದೆ. ನಾಲ್ಕನೆಯದು, ಬಲಗಡೆ ಎಕ್ಸಾಸ್ಟ್ — ಬೇಕೆಂದೇ ಸ್ಕ್ರೂ ಅರ್ಧ ಸುತ್ತು ಬಿಚ್ಚಿ ಬಿಟ್ಟೆ. ಕಣ್ಣಿಗೇ ಕಾಣುವಷ್ಟು ಸಂದು. ನಟ್ ಬಿಗಿದೆ, ಮುಚ್ಚಳ ಹಾಕಿದೆ. ಸ್ಟಾರ್ಟ್ ಮಾಡಲಿಲ್ಲ. ಸಡಿಲ ಬಿಟ್ಟರೆ ಸದ್ದು ಬರುತ್ತದೆ, ಬೆಳಗ್ಗೆಯವರೆಗೆ ಯಾರೂ ಮುಟ್ಟದಿದ್ದರೆ ಗಾಡಿ ಸ್ಟಾರ್ಟ್ ಆದ ಕೂಡಲೇ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕಟಕ ಅನ್ನಬೇಕು. ನಾಳೆ ನಾನೇ ಕೇಳಿ, ಸರಿಮಾಡಿ, ಕೊಡುತ್ತೇನೆ.

ದೇವರೇ, ಟಕಟಕ ಅನ್ನಲಿ.

ಏಪ್ರಿಲ್ 18, ಮಧ್ಯಾಹ್ನ

ಏಳಕ್ಕೆ ಹೋದೆ. ಗಿಂಟರ್ ಕಾಫಿ ಕುಡಿಯುತ್ತ ನಿಂತಿದ್ದ. ಮಾತಾಡದೆ ಬ್ರಿಗಿಡಾಳ ಗಾಡಿ ಸ್ಟಾರ್ಟ್ ಮಾಡಿದೆ.

ಸದ್ದಿಲ್ಲ. ಹದವಾಗಿ, ನಿಧಾನವಾಗಿ ಓಡುತ್ತಿತ್ತು. ಐದು ನಿಮಿಷ ಕಿವಿಗೊಟ್ಟು ನಿಂತೆ. ನನ್ನ ಶೆಡ್ಡಿನಲ್ಲಿ ಇಷ್ಟು ಚೆನ್ನಾಗಿ ಕೂತ ಎಂಜಿನ್ ನಾನು ಕೇಳಿ ಎಷ್ಟೋ ಕಾಲವಾಗಿತ್ತು.

"ಚೆನ್ನಾಗಿ ಕೂತಿದೆ ಭಾವ. ಕೈ ಅಂದ್ರೆ ನಿಂದೇ ಕೈ" ಅಂದ ಗಿಂಟರ್.

"ಬಲಗಡೆ ಎಕ್ಸಾಸ್ಟ್ ನಿನ್ನೆ ಬೇಕಂತಲೇ ಸಡಿಲ ಬಿಟ್ಟಿದ್ದೆ ಕಣೋ."

ಅವನೇ ಕೈ ಚಾಚಿ ಎಂಜಿನ್ ಆಫ್ ಮಾಡಿದ.

"ಯಾವಾಗಿಂದ?" ಎಂದೆ.

"ಆಹಿಮ್ ಗಾಡಿಯಿಂದ." ಲೋಟ ಕೆಳಗಿಟ್ಟ. "ಎರಡೂ ಎಕ್ಸಾಸ್ಟ್‌ನಲ್ಲಿ ಬ್ಲೇಡ್ ತೂರ್ಲೇ ಇಲ್ಲ ಭಾವ. ಸುಮ್ನೆ ಒಂದ್ಸಲ ನೋಡೋಣ ಅಂತ ಬಿಚ್ಚಿದ್ದೆ. ಆಹಿಮ್‌ಗೆ ಮೂರು ಮಕ್ಕಳು."

ನೋಡಲೇಬೇಕಾಗಿತ್ತು, ಸರಿಯೇ. ನಾನು ಜೋರಾಗಿ ಒತ್ತಿ ಎಳೆಯುತ್ತಿದ್ದೆನಲ್ಲ. ಹಿಡಿತ ಬೆರಳಿಗೆ ಸಿಗಬೇಕಾದರೆ ಅಷ್ಟು ಬಿಗಿಯಬೇಕಿತ್ತು. ಬಿಗಿದರೆ ಸದ್ದಿಲ್ಲ. ಸದ್ದಿಲ್ಲವೆಂದು ನಾನು ಖುಷಿ ಪಟ್ಟೆ. ನಾನು!

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ? ಕತ್ತೆ, ಸಲಿಕೆ ಅಂತೆಲ್ಲ ಬೈದೆ. ನಿಂತು ಬೈಸ್ಕೊಂಡ್ಯಲ್ಲ!"

"ಶಿಳ್ಳೆ ಹಾಕ್ತಿದ್ದೆ ನೀನು. ಆಸ್ಪತ್ರೆಯಿಂದ ಬಂದ್ಮೇಲೆ ಮೊದಲ್ನೇ ಸಲ. ಹ್ಯಾಗ್ ಹೇಳ್ಲಿ?"

ಕೋಪ ಬರಲೆಂದು ಕಾದೆ. ಬರಲಿಲ್ಲ. ನಾಚಿಕೆಯಿಂದ ಮೈ ಬೆವರಿತು.

"ಒಂದಾದ್ರೂ ಸರಿ ಇತ್ತಾ ಗಿಂಟರ್? ಇಷ್ಟರಲ್ಲಿ ಒಂದು ವಾಲ್ವ್?"

ಮೇಲೆ ನೋಡಿದ, ಗೋಡೆ ನೋಡಿದ. ಸುಳ್ಳು ಹುಡುಕುತ್ತಿದ್ದ ಪಾಪ. ಅಷ್ಟರಲ್ಲಿ ಬ್ರಿಗಿಡಾ ಬಂದಳು — ಹೇಳಿದ್ದಕ್ಕಿಂತ ಮೊದಲೇ. ಕೇಕ್ ತಂದಿದ್ದಳು. ನನ್ನ ಕೈ ಕುಲುಕಿ, "ನಿಮ್ಮನ್ನ ನಂಬ್ಕೊಂಡೇ ಹೊರಟಿದ್ದೀನಿ ಮೇಸ್ತ್ರಿ" ಎಂದಳು. "ಗಿಂಟರ್ ಮಾಡಿದ್ದು" ಎಂದೆ. ತಮಾಷೆ ಎಂದುಕೊಂಡು ನಕ್ಕಳು.

ಏಪ್ರಿಲ್ 19, ಭಾನುವಾರ

ಎಂಟಕ್ಕೆ ಎಲ್ಲರೂ ಹೊರಟರು. ಹಿಂದೆ ಕೂತು ಬಾ ಎಂದು ಗಿಂಟರ್ ಬಂದು ಕರೆದ, ಬೇಡವೆಂದೆ. ಬಲವಂತ ಮಾಡಲಿಲ್ಲ. ಕಿಟಕಿಯಲ್ಲಿ ನಿಂತು ಒಂದೊಂದಾಗಿ ಕೇಳಿಸಿಕೊಂಡೆ. ಒಂದೂ ತಪ್ಪಿಲ್ಲ. ಯಾರಿಗೂ ಏನೂ ಆಗುವುದಿಲ್ಲ, ಅದು ನೆಮ್ಮದಿ. ಅಷ್ಟೇ ನೆಮ್ಮದಿ.

ಟ್ರುಡ್ಕಾ ಚರ್ಚಿಗೂ ಹೋಗದೆ ಅಡುಗೆಮನೆಯಲ್ಲೇ ಇದ್ದಳು. ಶೆಡ್ಡಿನ ಬೀಗದ ಕೈ ಮೇಜಿನ ಮೇಲಿಟ್ಟೆ.

"ಗಿಂಟರ್‌ಗೆ ಕೊಟ್ಬಿಡು" ಎಂದೆ. "ಆಣೆ ಇಟ್ಟಿದ್ದೆನಲ್ಲ."

"ಬಂದೇ ಇಲ್ವಾ? ಒಂಚೂರೂ?"

ಇಲ್ಲವೆಂದು ತಲೆ ಆಡಿಸಿದೆ. ಒಲೆಯ ಮೇಲೆ ನೂಡಲ್ ಸೂಪು ಕುದಿಯುತ್ತಿತ್ತು, ಒಲೆ ಆರಿಸಿ ಬಂದು ಎದುರಿಗೆ ಕೂತಳು. ನನ್ನ ಬಲಗೈ ತೆಗೆದುಕೊಂಡು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಗಟ್ಟಿಯಾಗಿ ಹಿಡಿದಿದ್ದಳು, ಅವಳ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಕಣ್ಣಿಗೆ ಕಾಣುತ್ತಿತ್ತು. ಕೈಗೆ ಏನೂ ತಿಳಿಯಲಿಲ್ಲ.