ಎಲ್ಲರೂ ಹೊರಗೆ ಎಂದು ನಾನು ಹೇಳಿದ್ದು

೯ ಫೆಬ್ರವರಿ ೧೯೪೨, ಸೋಮವಾರ

ಕ್ಷಮೆ ಇರಲಿ. ಈ ನೋಟ್‌ಬುಕ್ ಡ್ರಿಲ್ಲಿಗೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಲು ಕೊಟ್ಟದ್ದು, ಸ್ವಂತದ್ದು ಬರೆಯಬಾರದು. ಆದರೂ ಬರೆಯುತ್ತಿದ್ದೇನೆ. ಎಂಟನೇ ವರ್ಷದಿಂದ ಹಾಸ್ಟೆಲೇ ಮನೆ; ಯಾರ ಹತ್ತಿರವಾದರೂ ಹೇಳುವ ರೂಢಿಯೇ ತಪ್ಪಿಹೋಗಿದೆ.

ಇವತ್ತೂ ಲಾಜಿಕ್ ಕ್ಲಾಸ್ ಬಿಟ್ಟು ಭವಾನಿ ಪೇಠೆಗೆ. ಜಪಾನಿನ ವಿಮಾನ ಬಂದರೆ ಕಟ್ಟಡ ಹೇಗೆ ಖಾಲಿ ಮಾಡಬೇಕೆಂದು ಕಲಿಸಲು ಫಸ್ಟ್ ಇಯರ್ ಹುಡುಗರಿಗೆ ಒಂದೊಂದು ಕಾರಖಾನೆ ಹಂಚಿದ್ದಾರೆ. ನನ್ನದು ಸೈನ್ಯದ ಅಂಗಿ ಹೊಲಿಯುವ ಕಾರಖಾನೆ. ಮೇಲಿನ ಅಂತಸ್ತಿನಲ್ಲಿ ಮೂವತ್ತೆಂಟು ಹೆಂಗಸರು, ಬಹಳಷ್ಟು ಜನ ಗೋಕಾಕ ಕಡೆಯವರು. ಕನ್ನಡ ಬರುತ್ತದೆಂದು ನನಗೆ ಈ ಕೆಲಸ ಹಚ್ಚಿದರು.

ಅಂಗಳದಲ್ಲಿ ಹಾಜರಿ ಕೂಗಿದೆ. ಧ್ವನಿಯೇ ಹೊರಡದು. ಅವರೆಲ್ಲ ನಗು. ಎಲ್ಲರೂ ಇಳಿದು ಹಾಜರಿ ಮುಗಿಯಲು ಒಟ್ಟು ಒಂಬತ್ತು ನಿಮಿಷ. ಇನ್‌ಸ್ಟ್ರಕ್ಟರ್ ದಿಗಂಬರರಾವ್ ಗಡಿಯಾರ ತೋರಿಸಿದರು: “ನಾಕು ನಿಮಿಷ! ಇಲ್ಲಾಂದ್ರ ಬ್ಯಾರೆ ಹುಡುಗನ್ನ ಕಳಸ್ತೀನಿ.”

೧೨ ಫೆಬ್ರವರಿ, ಗುರುವಾರ

ಉಪಾಯ ಸಿಕ್ಕಿತು. ಮೇಲೆ ನೆಲದ ಮೇಲೆಯೇ ಬಟ್ಟೆ ಹಾಸುತ್ತಾರೆ. ಹೀಗಾಗಿ ಚಪ್ಪಲಿಯೆಲ್ಲ ಮೆಟ್ಟಿಲ ಕೆಳಗೆ. ಡ್ರಿಲ್ಲಿನಲ್ಲೂ ಮೆಟ್ಟಿಕೊಂಡೇ ಹೊರಬೀಳುತ್ತಾರೆ, ಎಷ್ಟು ಹೇಳಿದರೂ ಬಿಡರು. ಬಿಡದಿದ್ದರೆ ಬೇಡ! ಕೆಳಗೆ ಚಪ್ಪಲಿ ಉಳಿಯಲಿಲ್ಲವೆಂದರೆ ಮೇಲೆ ಜನ ಉಳಿಯಲಿಲ್ಲ. ಕೂಗುವ ಕೆಲಸವೇ ಇಲ್ಲ. ಮೂರು ನಿಮಿಷ ಐವತ್ತು ಸೆಕೆಂಡ್.

ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ ಮಲಕಪ್ಪ ಬೆನ್ನು ತಟ್ಟಿದರು: “ಭೇಷ್! ಕಾಲೇಜಿನ್ಯಾಗ ಇದನ್ನೂ ಕಲಸ್ತಾರೇನ್ರಿ?”

ಗುಂಡಿ ಹಚ್ಚುವ ಚನ್ನಬಸವ್ವ ಬರಿಗಾಲು ಮುಂದೆ ಚಾಚಿದಳು. ಮಗ ದಂಡಿನಲ್ಲಿದ್ದಾನೆ, ಅವನು ಬರುವತನಕ ಚಪ್ಪಲಿ ಮೆಟ್ಟುವುದಿಲ್ಲವೆಂದು ಎಲ್ಲಮ್ಮನಿಗೆ ಹರಕೆ. “ಸಣ್ಣ ಸಾಹೇಬ್ರ, ನಾ ನಿಮ್ಮ ಲೆಕ್ಕದಾಗ ಅದೀನೋ ಇಲ್ಲೋ?”

“ನಿನ್ನ ಬಾಯಿ ಮೂರು ಓಣಿಗೆ ಕೇಳಸ್ತದ, ಲೆಕ್ಕ ಬ್ಯಾರೆ ಬೇಕೇನ ನಿನಗ?” ಎಂದಳು ಅವಳ ತಂಗಿ ಸಾವಂತ್ರವ್ವ.

ಎಲ್ಲರೂ ನಕ್ಕರು. ನಾನೂ. ಚನ್ನಬಸವ್ವನ ಹೆಸರು ಬೇರೆಯಾಗಿ ಬರೆದುಕೊಳ್ಳಬೇಕು... ನಾಳೆ. ಟ್ಯುಟೋರಿಯಲ್ ಮುಗಿದಿಲ್ಲ.

೧೯ ಫೆಬ್ರವರಿ, ಗುರುವಾರ, ಸಂಜೆ ಆರು



ಇವತ್ತು ಡ್ರಿಲ್ಲಿಗೆಂದೇ ಹೋಗಿದ್ದೆ. ಮೂರು ಗಂಟೆಗೆ ಮೇಲೆ ಇಸ್ತ್ರಿಯ ಕೆಂಡ ಚಿಂದಿಯ ರಾಶಿಗೆ ಬಿದ್ದು ಬೆಂಕಿ ಹತ್ತಿತು. ಗಂಟೆ ನಾನೇ ಬಾರಿಸಿದೆ. ಇಳಿದರು, ಮೆಟ್ಟಿಕೊಂಡರು, ಹೊರಬಿದ್ದರು. ಮೆಟ್ಟಿಲ ಕೆಳಗೆ ಏನೂ ಇಲ್ಲ. ಮಲಕಪ್ಪ ಮೇಲೆ ನೋಡಿಬರಲು ಹೊರಟಿದ್ದರು. ತೋಳು ಹಿಡಿದೆ.

“ಎಲ್ಲಾರೂ ಹೊರಗ ಬಂದಾರ್ರಿ. ಬಾಗಲಾ ಹಾಕ್ರಿ, ಗಾಳಿ ಹೋದ್ರ ಬೆಂಕಿ ಹೆಚ್ಚಾಗ್ತದ.”

ಡ್ರಿಲ್ಲಿನ ಪುಸ್ತಕದಲ್ಲಿ ಹಾಗೇ ಇದೆ. ಹಾಕಿದರು.

ಆಮೇಲೆ ಸಾವಂತ್ರವ್ವನ ಕೂಗು: “ಅಕ್ಕ ಎಲ್ಲಿ? ನಮ್ಮಕ್ಕ ಎಲ್ಲಿದ್ದಾಳ?”

ಮೇಲೆ ಹಿಂದಿನ ಕೋಣೆಯಲ್ಲಿದ್ದಳು, ಗುಂಡಿಯ ಡಬ್ಬಿ ತರಲು ಹೋದವಳು. ಹೊಗೆ ದಾರಿ ಕಟ್ಟಿತ್ತು. ಮಲಕಪ್ಪ ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿ ಎತ್ತಿ ತಂದರು. ಉಸಿರಿತ್ತು. ಕಣ್ಣು ತೆರೆಯಲಿಲ್ಲ. ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದರು. ನನಗೆ ಹತ್ತಲು ಧೈರ್ಯ ಸಾಲಲಿಲ್ಲ.

೨೧ ಫೆಬ್ರವರಿ, ಶನಿವಾರ

ದಿಗಂಬರರಾವ್ ರಿಪೋರ್ಟ್ ಬರೆಸಿದರು. “ಹೊರಗ ಬಂದಾಕಿ ತಾನಾಗೇ ಮತ್ತ ಒಳಗ ಹೋದಳು ಅಂತ ಬರಿ.”

“ಆಕಿ ಹೊರಗ ಬಂದೇ ಇದ್ದಿಲ್ರಿ ಸರ್.”

“ನೀ ನೋಡೀಯೇನು?”

ನೋಡಿರಲಿಲ್ಲ. ಅದೇ ತಪ್ಪು. ಸಹಿ ಮಾಡಿದೆ.

೩ ಮಾರ್ಚ್, ಮಂಗಳವಾರ

ಹತ್ತು ದಿನ ಬರೆಯಲಿಲ್ಲ. ಚನ್ನಬಸವ್ವನನ್ನು ತಂಗಿ ಊರಿಗೆ ಕರೆದೊಯ್ದಳಂತೆ. ಹುಕುಮು ಮುರಿದು ಮತ್ತೆ ಒಳಗೆ ಹೋದಳೆಂದು ಕಾರಖಾನೆಯವರು ಅಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ — ನನ್ನ ಸಹಿ ತೋರಿಸಿ.

ಮಲಕಪ್ಪ ಗೇಟಿನಲ್ಲಿ ಸಿಕ್ಕರು. ಸುಟ್ಟ ಕೈಗೆ ಪಟ್ಟಿ. ಬರ್ರಿ ಅನ್ನಲಿಲ್ಲ. “ಅವತ್ತು ಆಕಿ ತನ್ನ ಲೆಕ್ಕದ ಮಾತು ನಿಮ್ಮನ್ನ ಕೇಳಿದ್ಲಲ್ರಿ” ಎಂದರು. ಅಷ್ಟೇ.

೫ ಮಾರ್ಚ್, ಗುರುವಾರ, ಬೆಳಿಗ್ಗೆ ಏಳು

ನಿನ್ನೆ ಹೊಸ ರಿಪೋರ್ಟ್ ಬರೆದು ಒಂದು ಪ್ರತಿ ದಿಗಂಬರರಾವ್‌ಗೆ, ಒಂದು ಕಾರಖಾನೆಗೆ ಕೊಟ್ಟುಬಂದೆ. ಕಾಲೇಜಿನಿಂದ ತೆಗೆದರೆ ತೆಗೆಯಲಿ. ಗೋಕಾಕಿಗೆ ಹಾಕುವ ಕಾರ್ಡಿನ ಕರಡು:

ಸಾವಂತ್ರವ್ವನವರಿಗೆ ನಮಸ್ಕಾರ. ನಿಮ್ಮಕ್ಕ ಮರಳಿ ಒಳಗೆ ಹೋಗಲಿಲ್ಲ. ಹೊರಗೆ ಬಂದೇ ಇರಲಿಲ್ಲ. ನೋಡದೆ ಎಲ್ಲರೂ ಬಂದರು ಎಂದವನು ನಾನು, ಬಾಗಿಲು ಹಾಕಿಸಿದವನೂ ನಾನು. ಹೀಗೆಂದು ಸಹಿ ಮಾಡಿ ಕೊಟ್ಟಿದ್ದೇನೆ. ಓದಲು ಬರುವವರಿಂದ ಇದನ್ನು ಓದಿಸಿ ಅಕ್ಕನಿಗೆ ಕೇಳಿಸಿರಿ. ಅವರು ಕಣ್ಣು ತೆರೆದಿದ್ದಾರೆಯೇ? ಮಾತಾಡುತ್ತಾರೆಯೇ? ಒಂದೇ ಸಾಲು ಸಾಕು. ದಯವಿಟ್ಟು ಬೇಗ ಉತ್ತರ ಬರೆಸಿರಿ —