ಬೆಳ್ಳಗಾದ ಬಳೆಗಳು

ಪರೇಲ್, ಮುಂಬಯಿ
೧೪-೧೧-೧೯೭೧, ರವಿವಾರ

ಮಗಳೇ ಕಸ್ತೂರಿ,

ಹಾಗಾದರೆ ನನ್ನ ತಂತಿಯಿಂದ ನಿನಗೆ ಸಿಟ್ಟೇ ಬಂದಿತು ಅನ್ನು. "ಬಳೆ ಕರಗಿಸಬೇಡ" ಎಂದಷ್ಟೇ ಕಳಿಸಿದ್ದೆ. "ಅವ್ವನ ಬಂಗಾರದ ಮ್ಯಾಲೆ ನಿಮಗ ಇಷ್ಟ್ಯಾಕ ಆಸೆ, ಅಪ್ಪಾ?" ಎಂದು ಕಾರ್ಡು ಹಾಕಿದ್ದೀ. ಆಸೆಯಲ್ಲವ್ವಾ. ಉಳಿದದ್ದು ತಂತಿಯ ಹತ್ತು ಮಾತಿನಲ್ಲಿ ಹಿಡಿಯುವಂಥದ್ದಲ್ಲ. ಈ ಕಾಗದ ಊರಿಗೆ ಹೊರಟಿರುವ ನಿಂಗಣ್ಣನ ಕೈಯಲ್ಲಿ ಇವತ್ತಿನ ಗಾಡಿಗೇ ವಿಜಾಪುರಕ್ಕೆ ಬರುತ್ತದೆ. ಬುಧವಾರ ಪತ್ತಾರ ಕಾಂತಪ್ಪ ಆ ಬಳೆ ಕರಗಿಸಿ ನಿನ್ನ ತಾಳಿ ಮಾಡಲು ಕುಲುಮೆ ಹೊತ್ತಿಸುವ ಮೊದಲು ಓದಿ ಮುಗಿಸು.

ಕಾಲೇಜಿನಲ್ಲಿ ಸೊಲ್ಯೂಷನ್ ಒಂಬತ್ತು ಬಗೆ ಎಂದು ಕಲಿಸಿದ್ದರು. ಸಾಲಿಡ್ ಇನ್ ಲಿಕ್ವಿಡ್, ಅಂದರೆ ನೀರಲ್ಲಿ ಉಪ್ಪು. ಗ್ಯಾಸ್ ಇನ್ ಲಿಕ್ವಿಡ್, ಸೋಡಾ. ನಡುವಿನವು ಮರೆತಿವೆ, ಇಂಟರಿನಲ್ಲೇ ಫೇಲಾದವನು ನಾನು. ಲಿಕ್ವಿಡ್ ಇನ್ ಸಾಲಿಡ್ ಮಾತ್ರ ಮರೆಯುವಂತಿಲ್ಲ: ಬಂಗಾರದೊಳಗೆ ಪಾದರಸ. ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಅದು ಕೂತಿರುತ್ತದೆ.

ಗಿರಣಿಯ ಲ್ಯಾಬಿನಿಂದ ಒಡೆದ ಥರ್ಮಾಮೀಟರುಗಳ ಪಾದರಸ ತಂದು ಜೋಳದ ಡಬ್ಬಿಗೆ ಹಾಕಿದ್ದೆ, ಹುಳ ಹತ್ತಬಾರದೆಂದು. ನಿನ್ನವ್ವ ರಾಚವ್ವ ದಿನಾ ಅದರಲ್ಲಿ ಬಳೆಗೈ ಹಾಕಿದಳು. ಯುಗಾದಿಯ ಹೊತ್ತಿಗೆ ನಾಲ್ಕೂ ಬಳೆ ಬೆಳ್ಳಗೆ. ಪಕ್ಕದ ಖೋಲಿಯ ನೀಲಾಬಾಯಿ ನಳದ ಮುಂದೆ ನಗಾಡಿದಳು: "ಕಾಯ್ ರಾಚವ್ವಕ್ಕಾ, ಸೋನಾ ಮಾರಿ ಚಾಂದಿ ಹಾಕ್ಕೊಂಡ್ರೇನು?" ಇವಳು ಬಂದು ಅತ್ತಳು. ನಾನು ದೊಡ್ಡ ತಿಳಿದವನಂತೆ, "ಸ್ಟೋವ್ ಮ್ಯಾಲೆ ಕಾಸು, ಹಳದಿ ಆಗ್ತದ" ಎಂದೆ. ಬಳೆಯಿಂದ ಆವಿಯಾಗಿ ಬಿಟ್ಟುಹೋದ ಪಾದರಸ ಎಲ್ಲಿಗೆ ಹೋಗುತ್ತದೆಂದು ಯೋಚಿಸಲಿಲ್ಲ. ಅವಳು ಕಾಸುವಾಗ ನಾನು ಒಳಗಿರಲಿಲ್ಲ. ಒಂದು ಬಳೆ ಹಳದಿಯಾಯಿತು. ಮೂರನೆಯ ದಿನ ಅವಳು ಹೋದಳು. ಡಾಕ್ಟರು ನ್ಯುಮೋನಿಯಾ ಎಂದು ಬರೆದರು, ನಾನು ಕೆಳಗೆ ಸಹಿ ಹಾಕಿದೆ.

ನಿನ್ನ ಹತ್ತಿರ ಇರುವವು ಉಳಿದ ಮೂರು. ಅವನ್ನು ಬೆಂಕಿಗೆ ತೋರಿಸಬೇಡ. ತಾಳಿ ಆಗುತ್ತಿದೆಯೆಂದು ನೀನು ಕಾಂತಪ್ಪನ ಎದುರೇ ಕೂತು ನೋಡುವವಳು.

ಗ್ಯಾಸ್ ಇನ್ ಗ್ಯಾಸ್ ಇನ್ನೊಂದು ಬಗೆ. ಇನ್ ಎನಿ ಪ್ರಪೋರ್ಷನ್ ಅಂತ ಪುಸ್ತಕದಲ್ಲಿತ್ತು, ಎಷ್ಟಾದರೂ ಬೆರೆಯುತ್ತವೆ. ಅಂದಿನಿಂದ ನಾನು ಕಿಟಕಿ ತೆರೆದಿಲ್ಲ. ಆ ಆವಿಯಲ್ಲಿ ಅವಳ ಉಸಿರೂ ಇದೆ. ಉಸಿರೊಂದನ್ನೇ ಇಟ್ಟುಕೊಂಡು ಪಾದರಸವೊಂದನ್ನು ಹೊರಗೆ ಹಾಕಲು ಬರುವುದಿಲ್ಲ. ನೆಲದ ಫರಸಿಯ ಸಂದಿನಿಂದ ಬೆಳ್ಳಿ ಹನಿಗಳು ಇನ್ನೂ ಏಳುತ್ತವೆ. ಬಳಿದು ತೆಗೆದರೆ ಮರುದಿನ ಮತ್ತೆ ಸಾಲಾಗಿ, ಅವಳು ಮಲಗುತ್ತಿದ್ದ ಕಡೆಯಿಂದ ನನ್ನ ಚಾಪೆಯ ಕಡೆಗೆ. ಇಂದು ಬಗ್ಗಿ ನೋಡಿದೆ. ಒಂದೊಂದರಲ್ಲೂ ಪುಟ್ಟ ಮುಖವೊಂದು ಕಂಡಿತು. ನನ್ನದೇ ಇರಬೇಕು, ಆದರೆ ಹಣೆಯ ಮೇಲೆ ಕುಂಕುಮ ಇತ್ತು.

ಅಕ್ಷರ ಸೊಟ್ಟಾಗಿವೆ. ಅರೆ, ಬೆಳಕು ಹೋಗುತ್ತಿದೆ. ಬರೆದ ಸಾಲೇ ಕಾಣುತ್ತಿಲ್ಲ. ಇಲ್ಲಿಗೆ ಬಿಡುತ್ತೇನೆ.

ನಿನ್ನ ಅಪ್ಪ
ಬಸವಂತರಾಯ

ತಾ.ಕ.: ಒಳಗಿರಲಿಲ್ಲ ಎಂದೆ. ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ, ನೀಲಾಬಾಯಿ ಬಂದು ನೋಡಬಾರದೆಂದು. ರಾಚವ್ವ ಕೆಮ್ಮುತ್ತ ಒಳಗಿಂದ ಬಾಗಿಲು ಬಡಿದಳು. ನಾನು ಏಳಲಿಲ್ಲ. "ಹಳದಿ ಆತೇನು?" ಎಂದು ಕೇಳಿದೆ.